ಜೀಪಿನ ಹೊಟ್ಟೆಯ ನಾಲ್ಕು ಬೋಲ್ಟು

ನಲವತ್ತರಿಂದ ಐವತ್ತು ಕಿಲೋಮೀಟರ್ ವೇಗದ ನಡುವೆ ನನ್ನ ಜೀಪು ಮಾತನಾಡುತ್ತಿತ್ತು. ನಲವತ್ತರ ಕೆಳಗೆ ಅದು ಮೌನವ್ರತ ಹಿಡಿದಿರುತ್ತಿತ್ತು. ಐವತ್ತು ದಾಟಿತೆಂದರೆ ಗಾಳಿಯ ಸದ್ದಿನಲ್ಲಿ ಅದರ ಮಾತು ಮುಳುಗಿಹೋಗುತ್ತಿತ್ತು. ಆದರೆ ಆ ಹತ್ತು ಕಿಲೋಮೀಟರಿನ ಅಂತರದಲ್ಲಿ, ನನ್ನ ಪಾದಗಳ ಕೆಳಗೆಲ್ಲೋ, ಯಾರೋ ಅಡುಗೆಮನೆಯಲ್ಲಿ ಒಗ್ಗರಣೆ ಸೌಟನ್ನು ತಟ್ಟೆಯ ಅಂಚಿಗೆ ಕುಟ್ಟುತ್ತಿರುವ ಹಾಗೆ ‘ಕಟ ಕಟ ಕಟ’ ಎಂಬ ಸದ್ದು. ಸಿಂಗಪುರದಲ್ಲಿ ವಾಹನ ಓಡಿಸುವವರಿಗೆ ಗೊತ್ತು, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಸಾಗುವ ನಮ್ಮ ಬಾಳಿನ ಬಹುಪಾಲು ಕಳೆಯುವುದೇ ಆ ನಲವತ್ತು–ಐವತ್ತರ ನಡುವೆ. ಹೀಗಾಗಿ ಹನ್ನೊಂದು ತಿಂಗಳ ಕಾಲ ನಾನು ಆ ಸದ್ದಿನ ಜೊತೆಗೇ ಕಾಲೇಜಿಗೆ ಹೋಗಿ, ಆ ಸದ್ದಿನ ಜೊತೆಗೇ ಬುಕಿತ್ ಪಂಜಾಂಗಿನ ಮನೆಗೆ ಮರಳಿದೆ. ನಿಜ ಹೇಳುತ್ತೇನೆ, ಆ ದಿನಗಳಲ್ಲಿ ನನ್ನೊಡನೆ ಅಷ್ಟು ಹೊತ್ತು ಮಾತನಾಡುವವರು ಬೇರೆ ಯಾರೂ ಇರಲಿಲ್ಲ.

ಸದ್ದಿನ ಮೂಲ ನನಗೆ ಗೊತ್ತಿಲ್ಲದ್ದೇನಲ್ಲ. ಕಾಡುಮೇಡು ಅಲೆಯುವ ಗಾಡಿಗಳ ಹೊಟ್ಟೆಯ ಕೆಳಗೆ, ಇಂಜಿನ್ನಿಗೆ ಕಲ್ಲು ಬಡಿಯದಿರಲೆಂದು ಒಂದು ದಪ್ಪ ತಗಡು ಕೂರಿಸಿರುತ್ತಾರೆ. ಅದಕ್ಕೆ ನಾನಿಟ್ಟ ಹೆಸರು ಉದರಕವಚ. ಹೆಸರು ಗಂಭೀರವಾದಷ್ಟೂ ವಸ್ತುವಿನ ಮೇಲೆ ಗೌರವ ಹೆಚ್ಚುತ್ತದೆಂಬುದು ಮೂವತ್ತು ವರ್ಷ ಪಾಠ ಹೇಳಿದವಳ ನಂಬಿಕೆ. ಈ ಕವಚವನ್ನು ಆರು ಬೋಲ್ಟುಗಳು ಹಿಡಿದಿರಬೇಕು. ನನ್ನ ಜೀಪಿನಲ್ಲಿ ಹಿಂದಿನ ಎರಡು ಮಾತ್ರ ಉಳಿದಿದ್ದವು. ಮುಂದಿನ ಅಂಚನ್ನು ಹಿಡಿದಿದ್ದದ್ದು ಒಂದು ನೀಲಿ ಹಗ್ಗ.

ಸಿಂಗಪುರದಲ್ಲಿ ನಿನಗೆ ಜೀಪು ಯಾಕೆ ಎಂದು ಓದುಗರು ಕೇಳುವ ಮೊದಲೇ ನಾನೇ ಕೇಳಿಕೊಂಡುಬಿಡುತ್ತೇನೆ, ಏಕೆಂದರೆ ಇಪ್ಪತ್ತು ವರ್ಷಗಳಿಂದ ಎಲ್ಲರೂ ಕೇಳಿ ಕೇಳಿ ಆ ಪ್ರಶ್ನೆಯೇ ಸವೆದುಹೋಗಿದೆ. ಇದು ರಸ್ತೆ ಬಿಟ್ಟು ಇಳಿದರೆ ಹುಲ್ಲುಹಾಸು, ಹುಲ್ಲುಹಾಸು ಬಿಟ್ಟು ಇಳಿದರೆ ಮತ್ತೊಂದು ರಸ್ತೆ ಸಿಗುವ ದ್ವೀಪ. ಇಲ್ಲಿ ಇಂಜಿನ್ನಿಗೆ ಬಡಿಯಲು ಒಂದು ಕಲ್ಲು ಬೇಕಾದರೂ ಎಲ್ಲಿಂದಲೋ ತರಿಸಬೇಕು. ಆದರೆ ನಾನು ಪಾಠ ಹೇಳುವುದು ಮಣ್ಣಿನ ವಿಷಯ: ಯಾವ ಮಣ್ಣು ಎಷ್ಟು ಭಾರ ಹೊರುತ್ತದೆ, ಎಷ್ಟು ನೀರು ಕುಡಿದರೆ ಕುಸಿಯುತ್ತದೆ. ಮಣ್ಣೆಲ್ಲ ಕಾಂಕ್ರೀಟಿನ ಕೆಳಗೆ ಅಡಗಿರುವ ಊರಿನಲ್ಲಿ ಮಣ್ಣಿನ ಮೇಷ್ಟ್ರಾಗಿರುವುದು ಮರುಭೂಮಿಯಲ್ಲಿ ಈಜು ಕಲಿಸಿದ ಹಾಗೆ. ಎರಡು ತಿಂಗಳಿಗೊಮ್ಮೆಯಾದರೂ ಸೇತುವೆ ದಾಟಿ ಪಕ್ಕದ ದೇಶದ ಜೋಹೋರಿನ ತಾಳೆತೋಟಗಳ ಕೆಮ್ಮಣ್ಣಿನ ದಾರಿಗಳಲ್ಲಿ ಚಕ್ರ ಹೂತುಕೊಂಡು ಬರದಿದ್ದರೆ ನನ್ನ ವಿದ್ಯೆಗೇ ನಾನು ಮೋಸ ಮಾಡಿದಂತೆ ಅನಿಸುತ್ತಿತ್ತು. ಮದುವೆಯಾಗದ ಐವತ್ತಾರರ ಹೆಂಗಸೊಬ್ಬಳು ಕೆಸರು ಮೆತ್ತಿದ ಜೀಪಿನಿಂದ ಇಳಿಯುವುದನ್ನು ನಮ್ಮ ಕನ್ನಡ ಬಳಗದ ಕೆಲವರು ಇಂದಿಗೂ ಮರುಕದಿಂದ ನೋಡುತ್ತಾರೆ. ಇರಲಿ, ಮರುಕಕ್ಕೆ ಪಾತ್ರಳಾಗುವುದೂ ಒಂದು ಸಮಾಜಸೇವೆಯೇ.

ಈ ಯಾತ್ರೆಗಳಿಗೆ ನನ್ನ ಜೊತೆಗಾತಿ ಸರ್ವಮಂಗಳ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ಹೌಗಾಂಗಿನಲ್ಲಿ ಗಂಡ, ಮಗಳು, ಅತ್ತೆ ಇರುವ ತುಂಬಿದ ಮನೆ. ನಮ್ಮ ಪರಿಚಯವಾದದ್ದು ಯಾರದೋ ಮದುವೆಯ ಊಟ ಮುಗಿಸಿ ಹೊರಟಾಗ, ಕಾರ್ ಪಾರ್ಕಿನಲ್ಲಿ. ನನ್ನ ಜೀಪು ಏನು ಮಾಡಿದರೂ ಉಸಿರೆತ್ತುತ್ತಿರಲಿಲ್ಲ. ಸುತ್ತ ನಿಂತ ನಾಲ್ಕು ಜನ ಗಂಡಸರು, ನಾಲ್ವರೂ ಇಂಜಿನಿಯರುಗಳು, ನಾಲ್ಕು ಬಗೆಯ ಸಿದ್ಧಾಂತ ಮಂಡಿಸುತ್ತಿದ್ದಾಗ, ಮೈಸೂರು ರೇಷ್ಮೆ ಸೀರೆ ಉಟ್ಟ ಹೆಂಗಸೊಬ್ಬಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು, ‘ಸ್ವಲ್ಪ ಜಾಗ ಬಿಡಿ ಸಾರ್’ ಎಂದು ಬಾನೆಟ್ಟಿನೊಳಗೆ ಕೈ ಹಾಕಿ, ಬ್ಯಾಟರಿಯ ತಂತಿಯನ್ನು ಎರಡು ತಿರುವು ತಿರುವಿ, ಕೈ ಒರೆಸಿಕೊಳ್ಳಲು ನನ್ನ ಕರವಸ್ತ್ರ ಕೇಳಿದಳು. ಅವಳ ತಂದೆಗೆ ನಂಜನಗೂಡಿನಲ್ಲಿ ಸೈಕಲ್ ಶಾಪಿತ್ತು. ಅಕ್ಷರ ಕಲಿಯುವ ಮೊದಲೇ ಸ್ಪ್ಯಾನರ್ ಹಿಡಿಯಲು ಕಲಿತವಳು ಅವಳು.

ಜೀಪು ನನ್ನದಾದರೂ ಅದರ ಹೊಟ್ಟೆಬಟ್ಟೆಯೆಲ್ಲ ಅವಳ ಸುಪರ್ದಿಗೆ ಹೋಯಿತು. ಟೂಲ್‌ಬಾಕ್ಸ್ ಕೂಡ ಹೌಗಾಂಗಿನ ಅವಳ ಮನೆಯಲ್ಲೇ ಇರುತ್ತಿತ್ತು, ನನ್ನ ಕೈಗೆ ಸಿಕ್ಕರೆ ಕಳೆಯುತ್ತೇನೆಂದು. ಅವಳದೊಂದು ಕ್ರಮವಿತ್ತು. ಯಾವುದೇ ಬೋಲ್ಟನ್ನು ಬಿಗಿದಾದ ಮೇಲೆ ಪರ್ಸಿನಿಂದ ಕೆಂಪು ನೈಲ್ ಪಾಲಿಶ್ ತೆಗೆದು, ಬೋಲ್ಟಿನ ತಲೆಯಿಂದ ತಗಡಿನವರೆಗೆ ಒಂದು ನೇರ ಗೆರೆ ಎಳೆಯುತ್ತಿದ್ದಳು. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ; ಮುಟ್ಟಿ ನೋಡಬೇಕಿಲ್ಲ, ಕಣ್ಣಲ್ಲೇ ತಿಳಿಯುತ್ತದೆ. ಅವಳ ತಂದೆ ಸೈಕಲ್ಲಿನ ಪೇಂಟಿನಲ್ಲಿ ಹೀಗೆಯೇ ಗೆರೆ ಎಳೆಯುತ್ತಿದ್ದರಂತೆ. ‘ಉಗುರಿಗೆ ಹಚ್ಚೋಕೆ ಟೈಮಿಲ್ಲ, ಇದಕ್ಕಾದ್ರೂ ಖರ್ಚಾಗ್ಲಿ’ ಎನ್ನುತ್ತಿದ್ದಳು.

ಕಳೆದ ವರ್ಷ ದಸರೆಯಾದ ಮೂರು ವಾರಕ್ಕೆ ನಾವು ಜೋಹೋರಿಗೆ ಹೋದೆವು. ಜೊತೆಗೆ ಇನ್ನೆರಡು ಗಾಡಿ, ಎರಡು ದಂಪತಿಗಳು. ಸರ್ವ ಹಬ್ಬಕ್ಕೆ ನಂಜನಗೂಡಿಗೆ ಹೋಗಿದ್ದವಳು ಹಿಂದಿನ ದಿನವಷ್ಟೇ ಬಂದಿದ್ದಳು. ಹೊರಡುವಾಗ ಕೇಳಿದಳು: ‘ದಸರೆಗೆ ಮುಂಚೆ ನಾನು ಎಲ್ಲಾ ಟೈಟ್ ಮಾಡಿದ್ದೆ. ಆಮೇಲೆ ಕೆಳಗಡೆ ಯಾರೂ ಕೈ ಹಾಕಿಲ್ಲ ತಾನೇ?’ ನಾನು ಧಾರಾಳವಾಗಿ ‘ಯಾರೂ ಇಲ್ಲಪ್ಪ’ ಎಂದೆ. ತೋಟದ ದಾರಿಯಲ್ಲಿ ಅರ್ಧ ಗಂಟೆ ಹೋಗಿರಲಿಲ್ಲ, ಹಳ್ಳವೊಂದಕ್ಕೆ ಇಳಿಯುತ್ತಿದ್ದ ಹಾಗೆ ಬಾವಿಗೆ ಕೊಡ ಬಿದ್ದ ಸದ್ದಾಯಿತು. ಉದರಕವಚದ ಮುಂದಿನ ಅಂಚು ಕಳಚಿ ನೆಲಕ್ಕೆ ನಾಟಿತ್ತು. ಎಲ್ಲರೂ ಇಳಿದು ಬಂದರು. ‘ಯಾರು ಫಿಟ್ ಮಾಡಿದ್ದು ಇದನ್ನ?’ ಎಂದರು ಒಬ್ಬರು. ಕೇಳಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ನನಗೆ ಅವಮಾನವಾಗಿತ್ತು, ಮತ್ತು ಅವಮಾನವಾದಾಗ ನನ್ನ ನಾಲಿಗೆ ನನ್ನ ಹಿಡಿತದಲ್ಲಿರುವುದಿಲ್ಲ. ‘ಸೈಕಲ್ ಶಾಪ್ ಬುದ್ಧಿ ಎಲ್ಲಾ ಕಡೆ ನಡಿಯಲ್ಲ ಸರ್ವ, ಇದು ಜೀಪು’ ಎಂದುಬಿಟ್ಟೆ, ನಾಲ್ಕು ಜನರ ಎದುರಿಗೆ.

ಅವಳು ನೀಲಿ ಹಗ್ಗ ತೆಗೆದುಕೊಂಡು ಆ ಕೆಸರಿನಲ್ಲೇ ಅಂಗಾತ ಮಲಗಿ ಜೀಪಿನ ಕೆಳಗೆ ಸರಿದಳು. ಸಾಕಷ್ಟು ಹೊತ್ತು ಅಲ್ಲಿದ್ದಳು. ದುಪಟ್ಟಾದ ತುದಿಯಿಂದ ಏನನ್ನೋ ಒರೆಸುತ್ತಿದ್ದದ್ದು ಕಾಣುತ್ತಿತ್ತು. ಹೊರಗೆ ಬಂದವಳು ಒಮ್ಮೆ ನನ್ನ ಮುಖ ನೋಡಿದಳು. ಆ ನೋಟವನ್ನು ನಾನು ತಪ್ಪಿತಸ್ಥಳ ನೋಟ ಎಂದು ಓದಿಕೊಂಡೆ. ‘ಕಟ್ಟಿದ್ದೀನಿ, ನಡೀರಿ’ ಎಂದಳು, ಅಷ್ಟೇ. ವಾಪಸು ಬರುವಾಗ ಗಡಿಯ ಸಾಲಿನಲ್ಲಿ ಎರಡು ಗಂಟೆ ನಿಂತೆವು. ಎರಡು ಗಂಟೆಯೂ ಅವಳು ಕಿಟಕಿಯ ಕಡೆ ಮುಖ ಮಾಡಿದ್ದಳು. ಅಂದಿನಿಂದ ಅವಳು ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ತಪ್ಪು ಮಾಡಿದವಳು ತಾನಾಗಿ ಮಾಡಲಿ ಎಂದು ಬೀಗಿ ಕೂತೆ.

ಬುಕಿತ್ ಪಂಜಾಂಗಿನಿಂದ ಹೌಗಾಂಗಿಗೆ ಎಷ್ಟು ದೂರ? ಅರ್ಧ ಗಂಟೆಯ ದಾರಿ. ದೊಡ್ಡ ದೇಶದಲ್ಲಿ ಮುನಿಸಿಕೊಂಡವರಿಗೆ ದೂರದ ನೆಪವಾದರೂ ಇರುತ್ತದೆ; ಇಲ್ಲಿ ಅದೂ ಇಲ್ಲ. ಈ ಹನ್ನೊಂದು ತಿಂಗಳಲ್ಲಿ ನಾನು ಒಂದು ಹಬ್ಬವನ್ನೂ ಮಾಡಲಿಲ್ಲ. ಒಬ್ಬಳಿಗೋಸ್ಕರ ಯಾರು ಹೋಳಿಗೆ ತಟ್ಟುತ್ತಾರೆ? ಯುಗಾದಿಯ ದಿನ ಬೇವಿನ ಎಲೆ ಹುಡುಕುವುದೂ ಬೇಡವೆನಿಸಿ ಕೆಳಗಿನ ಹಾಕರ್ ಸೆಂಟರಿನಲ್ಲಿ ನೂಡಲ್ಸ್ ತಿಂದು ಬಂದೆ. ಐದನೇ ಮಹಡಿಯ ನನ್ನ ಕಿಟಕಿಯ ಎದುರಿಗೇ ಪುಟ್ಟ ಎಲ್‌ಆರ್‌ಟಿ ರೈಲು ಹಾಯುತ್ತದೆ. ಮನೆಗಳ ಪಕ್ಕ ಬಂದ ಕೂಡಲೇ ಆ ರೈಲಿನ ಕಿಟಕಿಗಾಜು ತಾನಾಗಿ ಮಬ್ಬಾಗುತ್ತದೆ, ಪ್ರಯಾಣಿಕರು ಒಳಗೆ ಇಣುಕಬಾರದೆಂದು. ಬಂದ ಹೊಸದರಲ್ಲಿ ಈ ಸೌಜನ್ಯಕ್ಕೆ ಮಾರುಹೋಗಿದ್ದೆ. ಈ ವರ್ಷ ಮಾತ್ರ ಸಂಜೆ ಕಾಫಿ ಲೋಟ ಹಿಡಿದು ಕಿಟಕಿಯಲ್ಲಿ ನಿಂತಾಗ, ಒಂದು ದಿನವಾದರೂ ಆ ಗಾಜು ಕೆಟ್ಟುಹೋಗಬಾರದೇ, ಯಾರಾದರೂ ನನ್ನನ್ನು ನೋಡಿಕೊಂಡು ಹೋಗಬಾರದೇ ಅನ್ನಿಸಿತ್ತು. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ಅನ್ನಿಸಿದ್ದು ನಿಜ.

ಇಷ್ಟರಲ್ಲಿ ಜೀಪಿನ ತಪಾಸಣೆಯ ಗಡುವು ಬಂತು. ಹಗ್ಗ ಕಟ್ಟಿದ ಗಾಡಿಯನ್ನು ಸರ್ಕಾರದ ಕಣ್ಣಿಗೆ ತೋರಿಸುವಂತಿಲ್ಲ. ಸರಿ, ಹೊಸ ಬೋಲ್ಟು ಹಾಕಿಸಲೆಂದು ಟಾನ್ ಅಂಕಲ್ಲಿನ ವರ್ಕ್‌ಶಾಪಿಗೆ ಹೋದೆ. ಟಾನ್ ಅಂಕಲ್ ಎಪ್ಪತ್ತು ದಾಟಿದ ಮೆಕ್ಯಾನಿಕ್. ಮಾತು ಅಳೆದು ತೂಗಿ ಆಡುವವರು. ಜೀಪನ್ನು ಮೇಲೆತ್ತಿ, ಕೆಳಗೆ ನಿಂತು, ಟಾರ್ಚ್ ಬಿಟ್ಟು, ಹಗ್ಗದ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದರು. ‘ವೆರಿ ಗುಡ್ ನಾಟ್. ಹೂ ಟೈ?’ ಎಂದರು. ಆಮೇಲೆ ಬಟ್ಟೆಯಿಂದ ಒಂದು ತೂತಿನ ಸುತ್ತ ಒರೆಸಿ, ನನ್ನನ್ನು ಹತ್ತಿರ ಕರೆದರು.

‘ಬೋಲ್ಟ್ ನಾಟ್ ಡ್ರಾಪ್ ಲಾ. ಸಮ್‌ಬಡಿ ಟೇಕ್ ಔಟ್. ನೈಸ್ಲಿ ಟೇಕ್ ಔಟ್.’

ಬೋಲ್ಟು ತಾನಾಗಿ ಸಡಿಲವಾಗಿ ಬಿದ್ದಿದ್ದರೆ ಕುಲುಕಾಡಿ ಕುಲುಕಾಡಿ ತೂತು ಅಗಲವಾಗಿರುತ್ತದೆ, ಒಳಗಿನ ಮರೆ, ಅಂದರೆ ತಿರುಪಿನ ಸುತ್ತು, ಸವೆದಿರುತ್ತದೆ ಎಂದು ಕೈಸನ್ನೆಯಲ್ಲೇ ವಿವರಿಸಿದರು. ಇಲ್ಲಿ ನಾಲ್ಕು ತೂತುಗಳೂ ಹೊಸದರಂತೆ ದುಂಡಗೆ ನಿಂತಿದ್ದವು. ಪ್ರತಿಯೊಂದರ ಅಂಚಿನಲ್ಲೂ ಅರ್ಧ ಕೆಂಪು ಗೆರೆಯಿತ್ತು. ಉಳಿದರ್ಧ ಬೋಲ್ಟಿನ ಜೊತೆ ಹೋಗಿತ್ತು. ಹಿಂದಿನ ಎರಡು ಬೋಲ್ಟುಗಳ ಮೇಲೆ ಗೆರೆ ಇಡಿಯಾಗಿ, ನೂಲು ಹಿಡಿದಂತೆ ನೇರವಾಗಿತ್ತು. ಅವಳು ಬಿಗಿದದ್ದು ಒಂದಿಷ್ಟೂ ಕದಲಿರಲಿಲ್ಲ.

ಇದು ಗಾಡಿಯ ಕೆಳಗೆ ಮಲಗಿದವರಿಗೆ ಯಾರಿಗಾದರೂ ಕಾಣುತ್ತದೆಯೇ ಎಂದು ಟಾನ್ ಅಂಕಲ್ಲನ್ನು ಕೇಳಿದೆ. ಕಣ್ಣಿದ್ದರೆ ಕಾಣುತ್ತದೆ ಎಂಬಂತೆ ಅವರು ಭುಜ ಹಾರಿಸಿದರು. ಹೊಸ ಬೋಲ್ಟು ತರಿಸಲು ಎರಡು ವಾರ ಹಿಡಿಯುತ್ತದೆ, ತೆಗೆದವರು ಎಲ್ಲಿಟ್ಟಿದ್ದಾರೆಂದು ನೋಡಿ ತಗೊಂಡು ಬಾ ಅಂದರು.

ತೆಗೆದವರು ಯಾರು? ಮನೆ ಮುಟ್ಟುವವರೆಗೂ ಕೇಳಿಕೊಂಡೆ. ಕಟಕಟ ಸದ್ದು ಕೂಡ ಅದನ್ನೇ ಕೇಳುತ್ತಿತ್ತು. ಲಿಫ್ಟಿನಲ್ಲಿ ನಿಂತಾಗ, ಪಕ್ಕದ ಫ್ಲ್ಯಾಟಿನ ಚೀನಿ ಅಜ್ಜಿ ತಮ್ಮ ದೇವರಿಗೆಂದು ಊದಿನಕಡ್ಡಿಯ ಕಟ್ಟು ಹಿಡಿದು ಒಳಗೆ ಬಂದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನೆನಪಾಯಿತು. ಮನೆಗೆ ನುಗ್ಗಿ, ಚಪ್ಪಲಿಯನ್ನೂ ಬಿಡದೆ, ದೇವರ ಗೂಡಿನ ಮೇಲಿನ ಅರೆಯ ಬಾಗಿಲು ತೆಗೆದೆ. ಹಬ್ಬಕ್ಕೆ ಮಾತ್ರ ತೆಗೆಯುವ ಅರೆ ಅದು. ಗಂಟೆಯ ಹಿಂದೆ ಕೆಂಪು ವಸ್ತ್ರದ ಗಂಟು. ಬಿಚ್ಚಿದರೆ ನಾಲ್ಕು ಬೋಲ್ಟುಗಳು. ತಲೆಯ ಮೇಲೆ ಅರ್ಧ ಕೆಂಪು ಗೆರೆ, ಅದರ ಪಕ್ಕ ಅರಿಶಿನ ಕುಂಕುಮ, ಒಣಗಿ ಕಪ್ಪಾದ ಒಂದು ಸೇವಂತಿಗೆ ಎಸಳು.

ಈಗ ಕಥೆ ಹೇಳಲೇಬೇಕು. ನಾನು ಮೈಸೂರಿನವಳು. ಆಯುಧಪೂಜೆಯ ದಿನ ನಮ್ಮಮ್ಮ ಈಳಿಗೆಮಣೆಯಿಂದ ಹಿಡಿದು ಹೊಲಿಗೆ ಮಿಷನ್ನಿನವರೆಗೆ ಮನೆಯ ಪ್ರತಿಯೊಂದು ಕಬ್ಬಿಣಕ್ಕೂ ಕುಂಕುಮ ಇಡುತ್ತಿದ್ದಳು. ಒಂದು ಕತ್ತರಿ ಬಿಟ್ಟುಹೋದರೂ ಅದು ಮುನಿಸಿಕೊಳ್ಳುತ್ತದೆಂದು ಹುಡುಕಿಸುತ್ತಿದ್ದಳು. ಕಳೆದ ವರ್ಷ ಆ ದಿನ ಮನೆಯಲ್ಲಿ ಪೂಜೆಗಿಡಲು ನನಗೆ ಸಿಕ್ಕಿದ್ದು ಒಂದು ಲ್ಯಾಪ್‌ಟಾಪು, ಒಂದು ಚಾಕು. ಟೂಲ್‌ಬಾಕ್ಸ್ ಹೌಗಾಂಗಿನಲ್ಲಿತ್ತು, ಅದರ ಒಡತಿ ನಂಜನಗೂಡಿನಲ್ಲಿದ್ದಳು. ಕಾರ್ ಪಾರ್ಕಿನಲ್ಲಿ ಜೀಪಿನ ನಾಲ್ಕು ಚಕ್ರಕ್ಕೆ ನಿಂಬೆಹಣ್ಣಿಟ್ಟು ಹಾಯಿಸಿ, ಕ್ಲೀನರ್ ಅಂಕಲ್ ನೋಡುವ ಮೊದಲೇ ಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಬಾಚಿಕೊಂಡದ್ದಾಯಿತು. ಆದರೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಜೀಪು ಐದನೇ ಮಹಡಿಗೆ ಬರಲಾರದು. ಅದರ ಪರವಾಗಿ ಪ್ರತಿನಿಧಿಗಳಾದರೂ ಬರಲಿ ಎಂದು, ಬ್ಲಾಕಿನ ಕೆಳಗಿನ ಅಂಗಡಿಯಲ್ಲಿ ಒಂದು ಸ್ಪ್ಯಾನರ್ ಕೊಂಡು, ಕೈಗೆ ಎಟುಕಿದ ನಾಲ್ಕು ಬೋಲ್ಟುಗಳನ್ನು ಬಿಚ್ಚಿ, ಭಕ್ತಿಯಿಂದ ತೊಳೆದು, ತಟ್ಟೆಯಲ್ಲಿಟ್ಟೆ. ಹಳೆಯ ಕೆಸರು ಗಟ್ಟಿಯಾಗಿ ಹಿಡಿದಿದ್ದ ತಗಡು ಆಗ ಕೆಳಗೆ ಜಾರಲೇ ಇಲ್ಲ. ಹೊಸ ಸ್ಪ್ಯಾನರನ್ನೇ ಪೂಜೆಗಿಟ್ಟಿದ್ದರೆ ಸಾಕಾಗಿತ್ತು ಎಂಬುದು ಈ ಮಹಾಪಂಡಿತೆಗೆ ಹೊಳೆದದ್ದು ಹನ್ನೊಂದು ತಿಂಗಳ ಮೇಲೆ. ಪೂಜೆಗಿಟ್ಟದ್ದನ್ನು ಅಂದು ಮುಟ್ಟಬಾರದು, ಮರುದಿನ ವಿಜಯದಶಮಿಯಂದು ತೆಗೆಯಬೇಕು. ಮರುದಿನ ಬೆಳಿಗ್ಗೆ ಕಾಲೇಜಿನಿಂದ ಫೋನು, ಪರೀಕ್ಷೆಯ ಪತ್ರಿಕೆಗಳ ರಾಶಿ. ಬೋಲ್ಟುಗಳನ್ನು ವಸ್ತ್ರದಲ್ಲಿ ಕಟ್ಟಿ ಮೇಲಿಟ್ಟೆ, ಸಂಜೆ ಹಾಕೋಣವೆಂದು. ಆ ಸಂಜೆ ಬರಲೇ ಇಲ್ಲ.

ನನ್ನ ಮರೆವಿಗೆ ನಾನೇ ನಗುತ್ತಿದ್ದೆ, ಕೆಸರಿನಲ್ಲಿ ಮಲಗಿದ್ದ ಸರ್ವಳ ನೆನಪು ಬರದಿದ್ದರೆ. ದುಪಟ್ಟಾದಿಂದ ಒರೆಸಿದ್ದು ಆ ತೂತುಗಳನ್ನೇ. ಅರ್ಧ ಗೆರೆಗಳನ್ನು ಅವಳು ಅಂದೇ ನೋಡಿದ್ದಳು. ಬೇರೆ ಯಾರೂ ಕೈ ಹಾಕಿಲ್ಲವೆಂದು ನಾನೇ ಹೇಳಿದ್ದೆ; ಹಾಗಾದರೆ ಬೋಲ್ಟು ಬಿಚ್ಚಿದವಳು ನಾನೇ ಎಂದು ಅವಳಿಗೆ ಅಲ್ಲೇ ತಿಳಿದಿತ್ತು. ಹೊರಗೆ ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಆ ನಾಲ್ಕು ಜನರ ಎದುರು ಪ್ರೊಫೆಸರ್ ಮೇಡಂ ನಗೆಪಾಟಲಾಗುತ್ತಿದ್ದಳು. ಅದನ್ನು ತಪ್ಪಿಸಲು ಅವಳು ತನ್ನ ತಂದೆಯ ಅಂಗಡಿಗೆ ಬಂದ ಮಾತನ್ನು ನುಂಗಿಕೊಂಡಳು. ಅವಳು ನನ್ನ ಮುಖ ನೋಡಿದ್ದು ನಾನು ಈಗಲಾದರೂ ನೆನಪಿಸಿಕೊಂಡು ಹೇಳುತ್ತೇನೇನೋ ಎಂದು. ನಾನು ಹೇಳಲಿಲ್ಲ. ದೇವರ ಗೂಡಿನ ಮುಂದೆ ಚಪ್ಪಲಿ ಮೆಟ್ಟಿಕೊಂಡೇ ಕೂತು ಅತ್ತೆ.

ಮೊದಲು ಹೇಡಿಯ ಹಾಗೆ ಬೋಲ್ಟುಗಳ ಫೋಟೋ ತೆಗೆದು ಅವಳೊಬ್ಬಳಿಗೆ ಕಳಿಸಿದೆ, ಒಂದಕ್ಷರವನ್ನೂ ಬರೆಯದೆ. ನೀಲಿ ಗುರುತು ಬಂತು, ಉತ್ತರ ಬರಲಿಲ್ಲ. ಎರಡು ದಿನ ಫೋನನ್ನು ಮಗುಚಿ ಮಗುಚಿ ನೋಡಿದೆ. ಆಮೇಲೆ ತಿಳಿಯಿತು: ನಾಲ್ಕು ಜನರ ಎದುರು ಆಡಿದ ಮಾತನ್ನು ಕಿವಿಯಲ್ಲಿ ಪಿಸುಗುಟ್ಟಿ ವಾಪಸು ತೆಗೆದುಕೊಳ್ಳಲಾಗುವುದಿಲ್ಲ. ಅಂದಿನ ಯಾತ್ರೆಗೆಂದು ಮಾಡಿದ್ದ ಆರು ಜನರ ವಾಟ್ಸಾಪ್ ಗುಂಪು ಹನ್ನೊಂದು ತಿಂಗಳಿಂದ ತಣ್ಣಗೆ ಮಲಗಿತ್ತು. ಅದರಲ್ಲಿ ಬರೆದೆ: ‘ಬೋಲ್ಟು ಬಿಚ್ಚಿದ್ದು ನಾನು, ಆಯುಧಪೂಜೆಗೆ. ಹಾಕೋದು ಮರೆತದ್ದೂ ನಾನು. ಸರ್ವ ಬಿಗಿದದ್ದು ಸರಿಯಾಗೇ ಇತ್ತು. ಅವತ್ತು ಸೈಕಲ್ ಶಾಪ್ ಬಗ್ಗೆ ನಾನು ಆಡಿದ ಮಾತು ತಪ್ಪು. ನೀವೆಲ್ಲ ಕೇಳಿಸಿಕೊಂಡಿದ್ದಿರಿ, ಇದನ್ನೂ ಕೇಳಿಸಿಕೊಳ್ಳಿ.’ ನಾಲ್ಕು ಜನರಿಂದ ನಗುವ ಮುಖಗಳು ಬಂದವು. ಒಬ್ಬರು ‘ಪ್ರೊಫೆಸರ್ ಅಂದ್ರೆ ಸುಮ್ನೇನಾ!’ ಎಂದು ಬರೆದರು. ಆರನೆಯವಳು ಏನೂ ಬರೆಯಲಿಲ್ಲ.

ಶನಿವಾರ ಬೋಲ್ಟುಗಳನ್ನು ಟಾನ್ ಅಂಕಲ್ಲಿಗೆ ಕೊಟ್ಟೆ. ಕುಂಕುಮ ನೋಡಿ ಅವರು ಏನನ್ನೂ ಕೇಳಲಿಲ್ಲ; ತಮ್ಮ ಶಾಪಿನ ಮೂಲೆಯಲ್ಲಿ ಕಿತ್ತಳೆಹಣ್ಣು ಇಟ್ಟಿದ್ದ ತಮ್ಮ ದೇವರ ಕಡೆ ಒಮ್ಮೆ ನೋಡಿ, ಅರ್ಥವಾಯಿತೆಂಬಂತೆ ತಲೆಯಾಡಿಸಿ, ಮರೆಗಳನ್ನು ಎಣ್ಣೆಯಲ್ಲಿ ತೊಳೆದರು. ಹಗ್ಗ ಕತ್ತರಿಸಲು ಹೋದಾಗ ನಾನು ಬಿಡಲಿಲ್ಲ. ಹನ್ನೊಂದು ತಿಂಗಳು ನನ್ನ ಇಂಜಿನ್ನನ್ನು ಕಾದ ಗಂಟನ್ನು ನಾನೇ ಬಿಚ್ಚಿದೆ; ಕಾಲು ಗಂಟೆ ಹಿಡಿಯಿತು. ಬೋಲ್ಟುಗಳನ್ನೂ ನಾನೇ ಬಿಗಿದೆ, ಅಂಕಲ್ಲಿನ ಮೇಲ್ವಿಚಾರಣೆಯಲ್ಲಿ. ಗೆರೆ ಎಳೆಯಲು ಜೀವನದಲ್ಲಿ ಮೊದಲ ಸಲ ನೈಲ್ ಪಾಲಿಶ್ ಕೊಂಡಿದ್ದೆ. ಅಂಗಡಿಯ ಹುಡುಗಿ ಯಾವ ಸಂದರ್ಭಕ್ಕೆ ಎಂದು ಕೇಳಿದಾಗ ಜೀಪಿನ ಹೊಟ್ಟೆಗೆ ಎನ್ನಲಾಗದೆ ಮದುವೆಗೆ ಎಂದಿದ್ದೆ. ಕತ್ತು ಮೇಲೆ ಮಾಡಿ, ಕೈ ಮೇಲೆತ್ತಿ, ನಾಲ್ಕು ಗೆರೆ ಎಳೆದೆ. ಫೋಟೋ ತೆಗೆದು ಸರ್ವಳಿಗೆ ಕಳಿಸಿದೆ.

ಹೊರಟ ಮೇಲೆ ಜೀಪು ನಲವತ್ತು ದಾಟಿತು, ನಲವತ್ತೈದು, ಐವತ್ತು. ಸದ್ದಿಲ್ಲ. ಹನ್ನೊಂದು ತಿಂಗಳ ಗೊಣಗಾಟ ನಿಂತ ಸಂತೋಷವಾಗಬೇಕಿತ್ತು, ಆಗಲಿಲ್ಲ. ಗಾಡಿಯೊಳಗೆ ನಾನೊಬ್ಬಳೇ ಇದ್ದೇನೆಂಬುದು ಅಂದು ಮೊದಲ ಸಲ ಪೂರ್ತಿಯಾಗಿ ಗೊತ್ತಾಯಿತು. ಸಿಗ್ನಲ್ಲಿನಲ್ಲಿ ನಿಂತಾಗ ಫೋನು ಮಿನುಗಿತು. ಮನೆ ಮುಟ್ಟಿ ಜೀಪು ನಿಲ್ಲಿಸುವವರೆಗೆ ತೆಗೆದು ನೋಡುವ ಧೈರ್ಯ ಬರಲಿಲ್ಲ.

‘ಎರಡನೇ ಗೆರೆ ಸೊಟ್ಟ’ ಎಂದಿತ್ತು. ಅದರ ಕೆಳಗೆ: ‘ಒರೆಸ್ಬೇಡ. ನಾನೇ ಬಂದು ನೋಡ್ತೀನಿ.’

ಯಾವತ್ತು ಎಂದು ಬರೆದಿಲ್ಲ. ಕೇಳುವ ಹಕ್ಕು ನನಗಿನ್ನೂ ಬಂದಿಲ್ಲ. ಇದಾಗಿ ಎರಡು ವಾರವಾಯಿತು, ನಾಡಿದ್ದು ಆಯುಧಪೂಜೆ. ಈ ಸಲ ಬೋಲ್ಟುಗಳು ಅವು ಇರಬೇಕಾದ ಕಡೆಯಲ್ಲೇ ಇರುತ್ತವೆ. ತಟ್ಟೆಯಲ್ಲಿ ಆ ನೀಲಿ ಹಗ್ಗವಿರುತ್ತದೆ. ದಿನವೂ ನಲವತ್ತು–ಐವತ್ತರ ನಡುವೆ ನಾನು ಸುಮ್ಮನೆ ಕಿವಿಗೊಡುತ್ತೇನೆ; ಜೀಪು ಏನೂ ಹೇಳುವುದಿಲ್ಲ. ಮನೆಗೆ ಬಂದು, ಹೌಗಾಂಗಿನ ಕಡೆಯಿಂದ ಯಾರಾದರೂ ಬಂದರೆ ಇರಲಿ ಎಂದು, ಕಾಫಿಗೆ ಎರಡು ಲೋಟ ನೀರಿಡುತ್ತೇನೆ. ಬರುತ್ತೇನೆ ಅಂದಿದ್ದಾಳೆ, ಬರುತ್ತಾಳೆ. ಅವಳು ಬಿಗಿದದ್ದು ತಾನಾಗಿ ಸಡಿಲವಾದದ್ದನ್ನು ನಾನು ಇಂದಿನವರೆಗೆ ಕಂಡಿಲ್ಲ.